ಕಾಯಿ ಹಣ್ಣಾದ ಎರಡು ದಿನ

ಕಾಯಿ ಎಲ್ಲಿ ಹಣ್ಣಾಗುತ್ತದೆ? ಮರದಲ್ಲಿ ಎನ್ನುವಿರಿ. ಹೆಚ್ಚೆಂದರೆ ಹುಲ್ಲು ಹಾಸಿದ ಬುಟ್ಟಿಯಲ್ಲಿ ಎನ್ನುವಿರಿ. ಕನ್ನಡದಲ್ಲಿ ಕಾಯಿ ಹಣ್ಣಾಗುವ ಇನ್ನೊಂದು ಜಾಗವೂ ಇದೆ. ಅದು ಚೌಕಾಬಾರದ ಮಣೆಯ ನಟ್ಟನಡುವಿನ ಚೌಕ. ನಾವು ನಡೆಸುವ ಬಿಲ್ಲೆಗೆ ‘ಕಾಯಿ’ ಎಂದು ಹೆಸರು. ಅದು ಸುತ್ತು ಮುಗಿಸಿ ನಡುವಿನ ಮನೆ ಸೇರಿದರೆ ‘ಹಣ್ಣಾಯಿತು’. ಎದುರಾಳಿಯ ಕಾಯಿಯನ್ನು ಹೊಡೆದರೆ ‘ಕಡಿದೆ’. ಕವಡೆ ನಮ್ಮ ಮನಸ್ಸಿನಂತೆ ಉರುಳಿದರೆ ‘ಗರ ಬಿತ್ತು’. ಕಾಯಿ, ಹಣ್ಣು, ಮನೆ, ಕಟ್ಟೆ, ಗರ... ಹೀಗೆ ಹತ್ತು ಹನ್ನೆರಡು ಮಾತು ಬಂದರೆ ಸಾಕು, ಯಾವ ಅಜ್ಜಿಯ ಎದುರಿಗಾದರೂ ಕುಳಿತು ಇಡೀ ಮಧ್ಯಾಹ್ನ ಕಳೆಯಬಹುದು.

ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಸಂಘದ ಯುವ ಮಿತ್ರರೇ, ಈ ಬರಹ ನಿಮಗಾಗಿ. ರಜೆಯಲ್ಲಿ ಊರಿಗೆ ಹೋದಾಗ ನಿಮಗೂ ಅಜ್ಜ ಅಜ್ಜಿಯರಿಗೂ ನಡೆಯುವ ಮಾತುಕತೆ ಎಷ್ಟು ಹೊತ್ತಿನದು? “ಚೆನ್ನಾಗಿದ್ದೀರಾ ಅಜ್ಜಿ?” “ಹೂಂ ಪುಟ್ಟಾ.” “ಊಟ ಆಯ್ತಾ?” “ಆಯ್ತು, ನಿಂದು?” ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಟಿ.ವಿ. ಕಡೆ, ನೀವು ಮೊಬೈಲಿನ ಕಡೆ. ಪ್ರೀತಿ ಇಲ್ಲವೆಂದಲ್ಲ. ಕನ್ನಡ ಅರ್ಥವಾಗುವುದಿಲ್ಲವೆಂದೂ ಅಲ್ಲ. ಮಾತಾಡುವುದಕ್ಕೆ ಇಬ್ಬರ ನಡುವೆ ಒಂದು ವಿಷಯವಿಲ್ಲ, ಅಷ್ಟೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕಳೆದ ಜನವರಿಯಲ್ಲಿ ಸ್ವಲ್ಪ ಗಂಭೀರವಾಗಿಯೇ ಎದುರಾಯಿತು. ಮೈಸೂರಿನ ಹಳೆಯ ಅಗ್ರಹಾರದ ಮನೆಯಲ್ಲಿ ಒಬ್ಬರೇ ಇದ್ದ ನಮ್ಮಮ್ಮನಿಗೆ 81 ವರ್ಷ. ಮೆಟ್ಟಿಲು ಹತ್ತಿಳಿಯುವುದು ಕಷ್ಟವಾಗುತ್ತಿತ್ತು. ಮನೆಯನ್ನು ಕೊಟ್ಟುಬಿಡುವುದು, ಅವರು ಚೆನ್ನೈಗೆ ನಮ್ಮ ಬಳಿ ಬಂದಿರುವುದು ಎಂದು ಅಣ್ಣತಮ್ಮಂದಿರೆಲ್ಲ ಸೇರಿ ತೀರ್ಮಾನಿಸಿದರು. ಅಮ್ಮ ಬೇಡವೆನ್ನಲಿಲ್ಲ. ಫೋನಿನಲ್ಲಿ ಒಂದೇ ಮಾತು ಕೇಳಿದರು: “ಅಲ್ಲಿ ನೀವೆಲ್ಲ ಕೆಲಸಕ್ಕೆ ಹೋದ್ಮೇಲೆ ನಾನು ಯಾರ ಹತ್ರ ಮಾತಾಡ್ಲಿ? ಮಕ್ಕಳಿಗೆ ನನ್ ಮಾತು ತಿಳಿಯತ್ತಾ?” ಇದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಮನೆ ಕೈಬಿಡುವ ಮೊದಲು ಮಕ್ಕಳೊಂದಿಗೆ ಅಲ್ಲಿ ಎರಡು ದಿನ ಇದ್ದು ಬರೋಣವೆಂದು ಹೊರಟೆವು. ಸಂಘದ ಇನ್ನೆರಡು ಕುಟುಂಬಗಳು ಜೊತೆಯಾದವು. ಒಂದು ಉಡುಪಿಯ ಕಡೆಯದು, ಇನ್ನೊಂದು ಧಾರವಾಡದ ಕಡೆಯದು. ಒಟ್ಟು ಹನ್ನೊಂದು ಜನ. ವಾರಾಂತ್ಯಕ್ಕೆ ಮೈಸೂರಿಗೆ ಹೋಗುವ ಚೆನ್ನೈನವರಿಗೆ ಕಾವೇರಿ ಎಕ್ಸ್‌ಪ್ರೆಸ್‌ಗಿಂತ ಅನುಕೂಲವಾದದ್ದಿಲ್ಲ. ಶುಕ್ರವಾರ ರಾತ್ರಿ ಸೆಂಟ್ರಲ್‌ನಲ್ಲಿ ಹತ್ತಿದರೆ ಸುಮಾರು 500 ಕಿ.ಮೀ. ದಾರಿ ನಿದ್ದೆಯಲ್ಲೇ ಸವೆದು, ಶನಿವಾರ ಬೆಳಿಗ್ಗೆ ಮೈಸೂರಿನ ಚಳಿಯಲ್ಲಿ ಕಣ್ಣು ಬಿಡಬಹುದು. ಭಾನುವಾರ ರಾತ್ರಿ ಅದೇ ಗಾಡಿ ಹಿಡಿದರೆ ಸೋಮವಾರ ಕಚೇರಿಗೆ ಹಾಜರ್!

ಹುಡುಗರು ಬರುವಾಗ ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದಿದ್ದರು. ಬಟ್ಟೆಬರೆಯಲ್ಲ, ‘ಕಟಾನ್’ ಎಂಬ ಜರ್ಮನ್ ಆಟ. 1995ರಲ್ಲಿ ಕ್ಲಾಸ್ ಟಾಯ್ಬರ್ ಎಂಬಾತ ಹೊರತಂದ ಈ ಆಟ ಈಗ ಜಗತ್ತಿನ ಎಲ್ಲ ಕಡೆ ಇದೆ. “ಮೈಸೂರಲ್ಲಿ ಎರಡು ದಿನ ಏನ್ಮಾಡೋದು?” ಎಂಬ ಭಯಕ್ಕೆ ಅವರು ಮಾಡಿಕೊಂಡ ಮುಂಜಾಗ್ರತೆ ಅದು.

ನೆಲದಲ್ಲೇ ಇದ್ದ ಮಣೆ

ಆ ಪೆಟ್ಟಿಗೆ ಶನಿವಾರ ಸಂಜೆಯವರೆಗೆ ತೆರೆಯಲೇ ಇಲ್ಲ. ಕಾರಣ, ನಮ್ಮ ಮನೆಯ ಹಜಾರದ ನೆಲ. ಕೆಂಪು ರೆಡ್ ಆಕ್ಸೈಡ್ ನೆಲ. ಅದನ್ನು ಹಾಕಿಸುವಾಗಲೇ ನಮ್ಮ ತಾತ ಗಾರೆ ಕೆಲಸದವರಿಗೆ ಹೇಳಿ ಒಂದು ಮೂಲೆಯಲ್ಲಿ ಚೌಕಾಬಾರದ ಮನೆಗಳನ್ನು ಕೊರೆಸಿದ್ದರು. ನಾವು ಚಿಕ್ಕವರಿದ್ದಾಗಿನಿಂದ ಅದರ ಮೇಲೆ ಓಡಾಡಿದವರು. ಮಕ್ಕಳಿಗೆ ಮಾತ್ರ ಅದು ಹೊಸದು. “ಇದೇನಿದು, ಫ್ಲೋರ್‌ನಲ್ಲಿ ಗ್ರಿಡ್?” ಎಂದ ಧಾರವಾಡದವರ ಹದಿನಾಲ್ಕರ ಹುಡುಗ. ಕಾಫಿ ಲೋಟ ಹಿಡಿದು ಕುಳಿತಿದ್ದ ಅಮ್ಮ ಲೋಟ ಕೆಳಗಿಟ್ಟು ಒಳಗೆ ಹೋದರು. ಬಂದಾಗ ಕೈಯಲ್ಲಿ ಸವೆದು ಹಳದಿಯಾದ ನಾಲ್ಕು ಕವಡೆ, ಒಂದು ಹಿಡಿ ಹುಣಸೆ ಬೀಜ, ಬಳೆಯ ಚೂರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐದು ಸಾಲು, ಸಾಲಿಗೆ ಐದರಂತೆ 25 ಮನೆ. ನಾಲ್ಕು ಬದಿಗಳ ನಡುಮನೆಗೂ ಕೇಂದ್ರದ ಮನೆಗೂ ಅಡ್ಡಗೆರೆ ಹಾಕಿ ಗುರುತು ಮಾಡುತ್ತಾರೆ. ಇವು ಕಟ್ಟೆಗಳು. ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೂ ನಾಲ್ಕು ಕಾಯಿ. ನಾಲ್ಕು ಕವಡೆ ಹಾಕಿದಾಗ ಎಷ್ಟು ಬಾಯಿ ಮೇಲಾಗಿ ಬಿದ್ದಿವೆಯೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ‘ಚೌಕ’, ಅಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ‘ಬಾರ’, ಎಂಟು. ಇವೆರಡು ಬಿದ್ದರೆ ಮತ್ತೆ ಹಾಕುವ ಹಕ್ಕು. ಹೊರಗಿನ 16 ಮನೆಗಳ ಸುತ್ತು ಅಪ್ರದಕ್ಷಿಣವಾಗಿ, ಒಳಗಿನ 8 ಮನೆಗಳ ಸುತ್ತು ಪ್ರದಕ್ಷಿಣವಾಗಿ. ಹೊರಟ ಮನೆಯಿಂದ ಹಣ್ಣಾಗುವವರೆಗೆ 24 ಹೆಜ್ಜೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಎಂಥ ಸಾಧುವಾದರೂ ಒಮ್ಮೆಯಾದರೂ ಜಗಳವಾಡಲೇಬೇಕು ಎಂದಾಯಿತು!

ಕೇಳಲು ಲೂಡೋದಂತಿದೆಯಲ್ಲ? ಇರಲೇಬೇಕು. ನಮ್ಮ ಪಚ್ಚೀಸಿ, ಪಗಡೆಗಳ ಕುಟುಂಬದಿಂದಲೇ ಲೂಡೋ ಹೊರಟದ್ದು. 1896ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮುಂದೆ ಅದೇ ನಮ್ಮ ಅಂಗಡಿಗಳಿಗೆ ಬಣ್ಣದ ರಟ್ಟಾಗಿ ವಾಪಸು ಬಂತು. 2020ರ ಲಾಕ್‌ಡೌನಿನಲ್ಲಿ ಮೊಬೈಲ್ ಒಳಗೂ ಬಂದು ಕುಳಿತಿತು. ವ್ಯತ್ಯಾಸವೆಂದರೆ ಲೂಡೋದಲ್ಲಿ ದಾಳ ಹೇಳಿದ್ದನ್ನು ಮಾಡುವುದೇ ಹೆಚ್ಚು. ಚೌಕಾಬಾರದಲ್ಲಿ ಪ್ರತಿ ಗರಕ್ಕೂ ಯಾವ ಕಾಯಿ ನಡೆಸಲಿ, ಯಾರನ್ನು ಕಾಯಲಿ, ಕಟ್ಟೆಯಲ್ಲಿ ಎಷ್ಟು ಹೊತ್ತು ಕುಳಿತಿರಲಿ ಎಂಬ ಲೆಕ್ಕಾಚಾರವಿದೆ.

ಈ ಲೆಕ್ಕಾಚಾರದಲ್ಲಿ ಅಮ್ಮನನ್ನು ಮೀರಿಸುವವರು ಆ ದಿನ ಅಲ್ಲಿರಲಿಲ್ಲ. ಕಂಪ್ಯೂಟರ್ ಓದುವ ಹುಡುಗರು ಬೆರಳಿನಿಂದ ಮನೆ ಎಣಿಸುತ್ತಿದ್ದರೆ, ಅವರು ಕವಡೆ ನಿಲ್ಲುವ ಮೊದಲೇ ಕಾಯಿ ಎತ್ತಿ ಇಟ್ಟಾಗಿರುತ್ತಿತ್ತು. ನಿಯಮಗಳ ಬಗ್ಗೆ ವಾಗ್ವಾದವೂ ನಡೆಯಿತು. “ನಮ್ಮ ಕಡೆ ಕಾಯಿ ಕಡಿದ್ರ ಇನ್ನೊಂದ್ಸಲ ಹಾಕಬೇಕ್ರೀ, ಅಜ್ಜೀ” ಎಂದರು ಧಾರವಾಡದ ಗೆಳೆಯರು. ಅಮ್ಮ ಒಪ್ಪಲಿಲ್ಲ. “ನಿಮ್ಮನೆಗೆ ಬಂದಾಗ ಹಾಗೇ ಆಡೋಣ. ಇಲ್ಲಿ ಇಲ್ಲಿಯ ನೇಮ” ಎಂದು ತೀರ್ಪು ಕೊಟ್ಟರು. ಅಂದ ಹಾಗೆ, ಈ ಆಟಕ್ಕೆ ಕನ್ನಡ ನಾಡಿನಲ್ಲೇ ಕಟ್ಟೆಮನೆ, ಗಟ್ಟಾಮನೆ, ಚಕ್ಕಾ ಎಂದೆಲ್ಲ ಹೆಸರುಗಳಿವೆ. ಹೆಸರು ಬದಲಾದಂತೆ ನಿಯಮವೂ ಅಲ್ಲಲ್ಲಿ ಅಷ್ಟಿಷ್ಟು ಬದಲಾಗುತ್ತದೆ. ಯಾವುದು ಸರಿ ಎಂದು ನೋಡಲು ಪುಸ್ತಕವಿಲ್ಲ. ಆಯಾ ಮನೆಯ ಹಿರಿಯರೇ ಪುಸ್ತಕ. ಅವರನ್ನು ಕೇಳದೆ ಬಿಟ್ಟರೆ ಆ ಮನೆಯ ಆಟ ಅಲ್ಲಿಗೆ ಮುಗಿದಂತೆ.

ಮೂರನೆಯ ಆಟದಲ್ಲಿ ಆ ಹದಿನಾಲ್ಕರ ಹುಡುಗ ಒಳಸುತ್ತಿಗೆ ಇನ್ನೊಂದೇ ಹೆಜ್ಜೆ ಇದ್ದ ಅಮ್ಮನ ಕಾಯಿಯನ್ನು ಕಡಿದುಬಿಟ್ಟ. “ಅಯ್ಯೋ ಮುಂಡೇದೇ, ಕಡಿದ್ಬಿಟ್ಟೆಯಲ್ಲೋ!” ಎಂದು ಅಮ್ಮ ಕೂಗಿದ ರಭಸಕ್ಕೆ ಅಡಿಗೆಮನೆಯಿಂದ ನಾವೆಲ್ಲ ಓಡಿಬಂದೆವು. ನೋಡಿದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದಾರೆ. “ಮುಂಡೇದು ಅಂದ್ರೇನು ಅಜ್ಜಿ?” ಎಂದು ಅವನು ಕೇಳಿದ. ಮಾತು ಅಲ್ಲಿಂದ ಶುರುವಾಯಿತು.

ಅಮ್ಮನ ತವರು ಚಿತ್ತೂರಿನ ಕಡೆಯ ಹಳ್ಳಿ, ಮನೆಮಾತು ತೆಲುಗು. ಇದು ನಮಗೆಲ್ಲ ತಿಳಿದದ್ದೇ. ಆದರೆ 1962ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ಮದುವೆಯಾಗಿ ಮೈಸೂರಿಗೆ ಬಂದಾಗ ಅವರಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ಅಂದಿನವರೆಗೆ ನನಗೂ ಗೊತ್ತಿರಲಿಲ್ಲ. ಬಾಯಿಬಿಟ್ಟರೆ ನಾದಿನಿಯರು ನಗುತ್ತಾರೆಂದು ದಿನವಿಡೀ ಸುಮ್ಮನಿರುತ್ತಿದ್ದರಂತೆ. ಅತ್ತೆಯವರೂ ಮಿತಭಾಷಿ. ಮಧ್ಯಾಹ್ನ ಎಲ್ಲರ ಊಟವಾಗಿ, ಪಾತ್ರೆ ತೊಳೆದಾದ ಮೇಲೆ ಅತ್ತೆ ಈ ಮೂಲೆಯಲ್ಲಿ ಕುಳಿತು ಕವಡೆ ಕುಲುಕಿ ಕರೆಯುತ್ತಿದ್ದರಂತೆ. “ನಮ್ಮೂರಲ್ಲಿ ಇದಕ್ಕೆ ಅಷ್ಟಾಚೆಮ್ಮಾ ಅಂತಿದ್ವಿ. ಆಟ ಗೊತ್ತಿತ್ತು, ಮಾತು ಗೊತ್ತಿರ್ಲಿಲ್ಲ. ಕಾಯಿ, ಹಣ್ಣು, ಕಡಿ, ಬಿಡು... ನಿಮ್ಮಜ್ಜಿ ಒಂದೊಂದೇ ಹೇಳ್ಕೊಟ್ರು. ಮೊದಲ್ನೇ ಸಲ ಅತ್ತೇನ ಬೈದದ್ದೂ ಇಲ್ಲೇ, ಕಾಯಿ ಕಡಿದಾಗ. ಅವ್ರು ಅದಕ್ಕೆ ನಕ್ಕರು ನೋಡು, ಅವತ್ತಿಂದ ಈ ಮನೆ ನಂದೂ ಅನ್ನಿಸ್ತು” ಎಂದರು ಅಮ್ಮ.

ನನ್ನ ಮಗಳು ಕೈಯಲ್ಲಿದ್ದ ಕವಡೆಯನ್ನು ಹಾಕುವುದೇ ಮರೆತು ಕುಳಿತಿದ್ದಳು.

ಚೆನ್ನೆಮಣೆ ಮತ್ತು ಕಟಾನ್

ಮಧ್ಯಾಹ್ನ ಉಡುಪಿಯ ಗೆಳತಿ ತನ್ನ ಚೀಲದಿಂದ ಚೆನ್ನೆಮಣೆ ಹೊರತೆಗೆದರು. ನಮ್ಮ ಹಳೆ ಮೈಸೂರು ಕಡೆ ಇದು ಅಳಗುಳಿಮಣೆ. ಮರದ ಹಲಗೆಯಲ್ಲಿ ಎದುರುಬದುರಾಗಿ ಏಳೇಳು, ಒಟ್ಟು 14 ಗುಳಿ. ಒಂದು ಗುಳಿಯ ಬೀಜ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು. ಬರಿದಾದ ಗುಳಿ ಸಿಕ್ಕರೆ ಅದರ ಮುಂದಿನದನ್ನು ಬಾಚಿಕೊಳ್ಳುವುದು. ಇಲ್ಲಿ ಅದೃಷ್ಟವಿಲ್ಲ, ಎಲ್ಲ ಎಣಿಕೆಯೇ. ಹೊರಗೆ ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ತುಳುನಾಡಿನಲ್ಲಿ ಇದರ ಭರಾಟೆ. ಮಕ್ಕಳಲ್ಲಿ ಅಕ್ಕತಂಗಿಯರಿಬ್ಬರು ಎದುರುಬದುರು ಕೂರಲು ಹೋದಾಗ ಗೆಳತಿ ತಡೆದರು. “ಅಕ್ಕ ತಂಗಿ ಚೆನ್ನೆ ಆಡಬಾರದು ಮಾರಾಯ್ತಿ!” ತುಳುವಿನ ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಡಿದ ಕಥೆಯಿದೆ. ಸಿಟ್ಟಿನಲ್ಲಿ ಅಬ್ಬಗ ಮಣೆಯಿಂದಲೇ ದಾರಗಳಿಗೆ ಹೊಡೆದು, ಅವಳು ಸತ್ತಾಗ ತಾನೂ ಬಾವಿಗೆ ಹಾರುತ್ತಾಳೆ. ಆಟ ಎಷ್ಟು ಸುಲಭವಾಗಿ ಆಟವಲ್ಲದ್ದಾಗುತ್ತದೆ ಎಂಬುದನ್ನು ನಮ್ಮ ಹಿಂದಿನವರು ಬಲ್ಲವರಾಗಿದ್ದರು. ಧರ್ಮರಾಯನ ಪಗಡೆಯಾಟ ಎಲ್ಲಿಗೆ ಮುಟ್ಟಿತೆಂದು ನಿಮಗೆ ಗೊತ್ತೇ ಇದೆ.

ಅವರೆಕಾಯಿಯ ಕಾಲ. ಸಂಜೆ ನೆನೆಹಾಕಿದ ಕಾಳಿನ ದೊಡ್ಡ ಪಾತ್ರೆಯ ಸುತ್ತ ಕುಳಿತು ಹಿದುಕುತ್ತಿರುವಾಗ ಹುಡುಗರು ಕಟಾನ್ ಪೆಟ್ಟಿಗೆ ಬಿಚ್ಚಿದರು. ಆರು ಮೂಲೆಯ ಬಿಲ್ಲೆಗಳನ್ನು ಜೋಡಿಸಿ ದ್ವೀಪವೊಂದನ್ನು ಮಾಡಬೇಕು. ಅದರಲ್ಲಿ ಕಾಡು, ಗುಡ್ಡ, ಹುಲ್ಲುಗಾವಲು, ಗೋಧಿಯ ಹೊಲ, ಬೆಟ್ಟ. ಅಲ್ಲಿಂದ ಸಿಗುವ ಮರ, ಇಟ್ಟಿಗೆ, ಕುರಿ, ಗೋಧಿ, ಅದಿರುಗಳಿಂದ ರಸ್ತೆ, ಊರು, ಪಟ್ಟಣ ಕಟ್ಟಬೇಕು. ನಮ್ಮಲ್ಲಿಲ್ಲದ್ದನ್ನು ಇನ್ನೊಬ್ಬರಿಂದ ವಿನಿಮಯ ಮಾಡಿಕೊಳ್ಳಬೇಕು. ಮೊದಲು ಹತ್ತು ಅಂಕ ಪಡೆದವರು ಗೆದ್ದಂತೆ.

ನಾಲ್ಕು ತಂಡಗಳಾದವು. ಅಮ್ಮನನ್ನು ಒಂದು ತಂಡಕ್ಕೆ ‘ಸುಮ್ಮನೆ’ ಸೇರಿಸಿಕೊಂಡರು. ನಿಯಮವನ್ನು ಇಂಗ್ಲಿಷಿನಲ್ಲಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಮಗಳದು. ‘ರಿಸೋರ್ಸ್’ಗೆ ಏನೆನ್ನಲಿ ಎಂದು ತಡಬಡಾಯಿಸಿದಳು. “ಸಾಮಾನು ಅನ್ನು” ಎಂದರು ಅಮ್ಮ. ‘ರಾಬರ್’ ಕಳ್ಳನಾದ. ಹತ್ತು ನಿಮಿಷಗಳಲ್ಲಿ ಹಜಾರವು ದೇವರಾಜ ಮಾರುಕಟ್ಟೆಯಾಯಿತು. “ಎರಡು ಕುರಿಗೆ ಒಂದಿಟ್ಟಿಗೆ ಕೊಡ್ತೀಯೇನೋ?” “ಇಲ್ಲ ಅಜ್ಜಿ, ಮೂರು ಕುರಿ ಕೊಡಿ.” “ಮೂರು ಕುರಿಗೆ ಒಂದಿಟ್ಟಿಗೆಯೇ? ಯಾವೂರ ನ್ಯಾಯ ಇದು! ಹೋಗು, ನಿನ್ನ ಹತ್ರ ವ್ಯಾಪಾರ ಬೇಡ.” ಇಂಗ್ಲಿಷಿನಲ್ಲಿ ಆಡಿದ್ದರೆ ಈ ಚೌಕಾಸಿಗೆ ಈ ರುಚಿ ಬರುತ್ತಿತ್ತೇ? ಎರಡು ವಾಕ್ಯ ಕನ್ನಡಕ್ಕೆ ನಾಲ್ಕು ಸಲ ನಾಲಿಗೆ ಕಚ್ಚಿಕೊಳ್ಳುವ ಹುಡುಗರು ಆ ರಾತ್ರಿ ಹನ್ನೊಂದರವರೆಗೆ ಕನ್ನಡದಲ್ಲಿ ಜಗಳವಾಡಿದರು. ಸರಿಯಾದ ಕನ್ನಡವೇನಲ್ಲ. ಆದರೆ ಯಾರೂ ತಿದ್ದಲು ಹೋಗಲಿಲ್ಲ. ಎಲ್ಲರಿಗೂ ಇಟ್ಟಿಗೆಯ ಚಿಂತೆ!

ಆಟ ಬಲ್ಲ ಅರಸ

ಭಾನುವಾರ ಬೆಳಿಗ್ಗೆ ಜಗನ್ಮೋಹನ ಅರಮನೆಗೆ ಹೋದೆವು. 1861ರಲ್ಲಿ ಇದನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಚಿತ್ರಶಾಲೆಯ ಪ್ರಸಿದ್ಧ ಚಿತ್ರಗಳನ್ನು ನೋಡಲು ಎಲ್ಲರೂ ಬರುತ್ತಾರೆ. ಮೇಲಿನ ರಂಗಮಹಲಿನ ಗೋಡೆಗಳಲ್ಲಿ ಮುಮ್ಮಡಿಯವರ ಕಾಲದ ಚಿತ್ರಗಳ ನಡುವೆ ಆಟದ ಪಟಗಳೂ ಇವೆ ಎಂಬುದನ್ನು ಗಮನಿಸುವವರು ಕಡಿಮೆ.

ಈ ಅರಸರ ಕಥೆ ವಿಚಿತ್ರವಾದದ್ದು. ಟಿಪ್ಪು ಸುಲ್ತಾನ್ ಮಡಿದ 1799ರಲ್ಲಿ, ಐದು ವರ್ಷ ತುಂಬುವ ಮೊದಲೇ ಬ್ರಿಟಿಷರು ಇವರನ್ನು ಪಟ್ಟಕ್ಕೆ ಕೂರಿಸಿದರು. 1831ರಲ್ಲಿ ಆಡಳಿತವನ್ನು ಅದೇ ಬ್ರಿಟಿಷರು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ 37 ವರ್ಷ ಅವರು ಆಡಳಿತವಿಲ್ಲದ ಅರಸರು. ಆ ಕಾಲದಲ್ಲಿ ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಜೊತೆಗೆ ಅವರ ಮನಸ್ಸು ಹರಿದದ್ದು ಆಟಗಳ ಕಡೆಗೆ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಆಟಗಳ ವಿವರಗಳಿವೆ. ಗಂಜೀಫಾ ಎಲೆಗಳಿಂದ ಆಡುವ ಹೊಸ ಆಟಗಳನ್ನೇ ಅವರು ರೂಪಿಸಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಮುಟ್ಟದೆ ನಡೆಸುವ ಸಮಸ್ಯೆಗೆ ಬಗೆಬಗೆಯ ಉತ್ತರ ಕಂಡುಹಿಡಿದರು. ರಾಜ್ಯದ ಮಣೆಯಲ್ಲಿ ಕಾಯಿ ನಡೆಸುವ ಹಕ್ಕು ಹೋದ ಮೇಲೆ ಇನ್ನೊಂದು ಮಣೆ ಹುಡುಕಿಕೊಂಡರೋ ಏನೋ!

ಆಟ ಅರಮನೆಯ ಸೊತ್ತಷ್ಟೇ ಆಗಿರಲಿಲ್ಲ. ಹಂಪೆಗೆ ಹೋದಾಗ ಮಂಟಪಗಳ ನೆಲಗಲ್ಲನ್ನು ನೋಡುತ್ತ ನಡೆಯಿರಿ, ಕಲ್ಲಿನಲ್ಲಿ ಕೊರೆದ ಆಟದ ಮಣೆಗಳು ಕಾಣುತ್ತವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಇಂಥ ಹಳೆಯ ಆಟಗಳ ಪ್ರದರ್ಶನಗಳನ್ನು ನಡೆಸಿ, ಮಣೆ, ದಾಳ, ಕಾಯಿಗಳನ್ನು ಹೊಸದಾಗಿ ಮಾಡಿಸಿ, ಅನೇಕರ ಮನೆಗೆ ಅವನ್ನು ಮರಳಿ ತಲುಪಿಸಿದೆ.

ವಾಪಸು ಬರುವಾಗ ಗ್ರಂಧಿಗೆ ಅಂಗಡಿಯಲ್ಲಿ ಮಕ್ಕಳು ತಮ್ಮ ದುಡ್ಡಿನಲ್ಲೇ ಕವಡೆ ಕೊಂಡರು. ರಾತ್ರಿ ಗಾಡಿ ಹತ್ತುವ ಮೊದಲು ನನ್ನ ಮಗಳು ಹಜಾರದ ಮೂಲೆಯ ಮಣೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಹಾಸಿ, ಪೆನ್ಸಿಲಿನಿಂದ ಉಜ್ಜಿ ಅದರ ಅಚ್ಚು ತೆಗೆದುಕೊಂಡಳು. ಕೊರೆದ ಗೆರೆಗಳು ಅಲ್ಲಲ್ಲಿ ಸವೆದದ್ದೂ ಹಾಗೆಯೇ ಮೂಡಿತು.

ಏಪ್ರಿಲ್‌ನಲ್ಲಿ ಅಮ್ಮ ಚೆನ್ನೈಗೆ ಬಂದರು. ಎಲ್ಲವೂ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಸೆಖೆಗೆ ಒದ್ದಾಡುತ್ತಾರೆ. ಒಮ್ಮೊಮ್ಮೆ ಮೈಸೂರಿನ ಮನೆಯ ಬೀಗ ಹಾಕಿದೆಯೋ ಎಂದು ಕೇಳಿ, ಆಮೇಲೆ ತಾವೇ ಸುಮ್ಮನಾಗುತ್ತಾರೆ. ಆದರೆ ಸಂಜೆ ಆರಕ್ಕೆ ಬಾಲ್ಕನಿಯಲ್ಲಿ ಕವಡೆಯ ಸದ್ದು ಕೇಳುತ್ತದೆ. ಎದುರುಮನೆಯ ತಮಿಳು ಮಾಮಿ ತಮ್ಮ ಪಲ್ಲಾಂಗುಳಿ ಹಿಡಿದು ಬರುತ್ತಾರೆ. ಅದು ನಮ್ಮ ಅಳಗುಳಿಮಣೆಯೇ. ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅವರು ‘ಪಸು’ ಎಂದು ಎತ್ತಿಕೊಳ್ಳುತ್ತಾರೆ. ನಮ್ಮ ಹುಲಿ–ಕುರಿ ಅವರಿಗೆ ‘ಆಡು ಪುಲಿ ಆಟ್ಟಂ’. ಮೂರು ಹುಲಿ, ಹದಿನೈದು ಕುರಿ. ಅಮ್ಮನಿಗೆ ತಮಿಳು ಬಾರದು, ಮಾಮಿಗೆ ಕನ್ನಡ ಬಾರದು. ಜಗಳ ಮಾತ್ರ ಚೆನ್ನಾಗಿಯೇ ನಡೆಯುತ್ತದೆ. ಮಧ್ಯಸ್ಥಿಕೆಗೆ ನನ್ನ ಮಗಳು ಬೇಕು.

ಯುವ ಮಿತ್ರರೇ, ಇದಕ್ಕೆ ಮೈಸೂರಿಗೇ ಹೋಗಬೇಕೆಂದಿಲ್ಲ. ಒಂದು ಸೀಮೆಸುಣ್ಣ, ಐದೈದು ಮನೆ, ನಾಲ್ಕು ಕವಡೆ. ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಬಿಳಿಯಾಗುವಂತೆ ತೇಯ್ದುಕೊಳ್ಳಿ. ಬಿಳಿ ಬಿದ್ದಷ್ಟು ಲೆಕ್ಕ. ಕಾಯಿಗೆ ಗುಂಡಿ, ಬಟಾಣಿ, ಬಳೆಚೂರು ಏನಾದರೂ ಆದೀತು. ಮನೆಯ ಹಿರಿಯರನ್ನು ಕರೆಯಿರಿ. “ನಿಮ್ಮೂರಲ್ಲಿ ಇದನ್ನ ಹೇಗೆ ಆಡ್ತಿದ್ರಿ?” ಎಂದು ಕೇಳಿ, ಅವರು ಹೇಳಿದ ನೇಮವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕನ್ನಡ ಲಿಪಿ ಬಾರದಿದ್ದರೆ ಬರುವ ಲಿಪಿಯಲ್ಲೇ ಬರೆಯಿರಿ. ಆಮೇಲೆ ಅವರ ಕಾಯಿಯನ್ನು ದಯೆ ತೋರದೆ ಕಡಿಯಿರಿ. ಬೈಗುಳ ಬೀಳುತ್ತದೆ. ಅದು ಅಚ್ಚ ಕನ್ನಡದಲ್ಲೇ ಬೀಳುತ್ತದೆ.